ನಲವತ್ತರ ನಂತರ ‘ಡಿಸ್ಕೊ ಎಲಿಸಿಯಮ್’ ಆಡಬಹುದೇ?

ಪ್ರಶ್ನೆ: ನನ್ನ ವಯಸ್ಸು ನಲವತ್ತೆರಡು. ಮನೆ ಸಕಲೇಶಪುರದ ಹತ್ತಿರ. ಕೆಲಸ ಹಾಸನದ ಕಾಫಿ ಕ್ಯೂರಿಂಗ್ ಘಟಕವೊಂದರ ಲೆಕ್ಕಪತ್ರ ವಿಭಾಗದಲ್ಲಿ. ಕಾಲೇಜಿನ ದಿನಗಳಲ್ಲಿ ಕಂಪ್ಯೂಟರ್ ಸೆಂಟರ್‌ನಲ್ಲಿ ಕೂತು ಸಾಹಸದ ಆಟಗಳನ್ನು ಆಡಿದ್ದು ಬಿಟ್ಟರೆ ಈಚೆಗೆ ಯಾವುದನ್ನೂ ಆಡಿಲ್ಲ. ಬೆಂಗಳೂರಿನಲ್ಲಿರುವ ಅಕ್ಕನ ಮಗ ‘ಡಿಸ್ಕೊ ಎಲಿಸಿಯಮ್’ ಎಂಬ ಆಟವನ್ನು ಬಹಳ ಹೊಗಳಿ, ಇದನ್ನು ನೀವು ಆಡಲೇಬೇಕು ಮಾಮ ಎನ್ನುತ್ತಿದ್ದಾನೆ. ಆದರೆ ಅದರ ಮೇಲೆ 18 ಎಂಬ ಗುರುತಿದೆ, ಮನೆಯಲ್ಲಿ ಒಂಬತ್ತನೇ ತರಗತಿಯ ಮಗಳಿದ್ದಾಳೆ. ಇಂಗ್ಲಿಷ್ ಓದಬಲ್ಲೆ, ನಿಧಾನ. ಕಂಪ್ಯೂಟರ್ ಕೂಡ ಸಾಧಾರಣದ್ದು. ಕತೆಯ ಗುಟ್ಟು ಬಿಟ್ಟುಕೊಡದೆ, ಈ ಆಟದ ಒಳ್ಳೆಯದು ಕೆಟ್ಟದ್ದನ್ನು ತಿಳಿಸಬಹುದೇ?

ಉತ್ತರ: ಮೊದಲು ಆ 18ರ ವಿಷಯವನ್ನು ಮುಗಿಸಿಬಿಡೋಣ, ಏಕೆಂದರೆ ನಿಮ್ಮ ಪತ್ರದಲ್ಲಿ ಆತಂಕ ಹೆಚ್ಚು ಕಾಣುವುದು ಅಲ್ಲಿಯೇ. ಅದು ಯುರೋಪಿನ ‘ಪೆಗಿ’ ಎಂಬ ವಯೋಮಿತಿ ವ್ಯವಸ್ಥೆ ನೀಡಿರುವ ಗುರುತು. ಅಮೆರಿಕದ ‘ಇಎಸ್‌ಆರ್‌ಬಿ’ ಇದೇ ಆಟಕ್ಕೆ ಹದಿನೇಳು ತುಂಬಿದವರಿಗೆ ಎಂಬರ್ಥದ ‘ಎಂ’ ಗುರುತು ಕೊಟ್ಟಿದೆ. ನಮ್ಮಲ್ಲಿ ಸಿನಿಮಾಗಳಿಗೆ ‘ಎ’ ಪ್ರಮಾಣಪತ್ರ ಕೊಡುವ ಮಂಡಳಿಯ ವ್ಯಾಪ್ತಿಗೆ ವಿಡಿಯೊ ಗೇಮ್‌ಗಳು ಬರುವುದಿಲ್ಲವಾದ್ದರಿಂದ, ಹೊರದೇಶದವರು ಅಂಟಿಸಿದ ಈ ಅಂಕಿಗಳನ್ನೇ ನೋಡಿಕೊಂಡು ಒಳಗೇನಿದೆ ಎಂಬುದನ್ನು ನಾವೇ ವಿಚಾರಿಸಿಕೊಳ್ಳಬೇಕಾಗುತ್ತದೆ. ವಯಸ್ಕರ ಸಾಹಸದ ಆಟ ಎಂದೊಡನೆ ನಿಮ್ಮ ವಯಸ್ಸಿನ ಹಲವರಿಗೆ ನೆನಪಾಗುವುದು 1987ರಲ್ಲಿ ಸಿಯೆರಾ ಕಂಪನಿಗಾಗಿ ಆಲ್ ಲೋ ರೂಪಿಸಿದ ‘ಲೀಷರ್ ಸೂಟ್ ಲ್ಯಾರಿ’. ಹೆಂಗಸರ ಹಿಂದೆ ಅಲೆಯುವ ಪೆಚ್ಚು ಗಂಡಸೊಬ್ಬನ ಪೋಲಿ ಹಾಸ್ಯದ ಆ ಆಟ, ಶುರುವಾಗುವ ಮುನ್ನ ದೊಡ್ಡವರಿಗಷ್ಟೇ ಗೊತ್ತಿರಬಹುದಾದ ಪ್ರಶ್ನೆಗಳನ್ನು ಕೇಳಿ ಆಟಗಾರರ ವಯಸ್ಸನ್ನು ಪರೀಕ್ಷಿಸುತ್ತಿತ್ತು. (ಪ್ರಶ್ನೆಗಳೆಲ್ಲ ಅಮೆರಿಕದವರಿಗೆ ತಕ್ಕವಾಗಿದ್ದರಿಂದ ನಮ್ಮ ಕಡೆಯ ದೊಡ್ಡವರೂ ಆ ಪರೀಕ್ಷೆಯಲ್ಲಿ ಮಕ್ಕಳೆಂದೇ ತೀರ್ಮಾನವಾಗುತ್ತಿದ್ದರು.) ನಿಮ್ಮ ಅಳಿಯ ಹೇಳುತ್ತಿರುವ ಆಟಕ್ಕೂ ಆ ಜಾತಿಯ ಆಟಗಳಿಗೂ ಸಂಬಂಧವಿಲ್ಲ. ಕಾಮದ ದೃಶ್ಯಗಳನ್ನು ತೋರಿಸಿ ರಂಜಿಸುವ ಉದ್ದೇಶ ಇದರಲ್ಲಿ ಇಲ್ಲವೇ ಇಲ್ಲ; ಕೊಳಕು ಮಾತುಗಳಿವೆ, ಅಷ್ಟೆ.

ಹಾಗಾದರೆ 18 ಏಕೆ? ಕಥಾನಾಯಕ ಕುಡಿತದಿಂದ ಹಾಳಾದ ಮಧ್ಯವಯಸ್ಸಿನ ಪೊಲೀಸ್ ಪತ್ತೇದಾರ. ಕುಡಿತ, ಸಿಗರೇಟು, ಮಾದಕ ಪದಾರ್ಥಗಳು ಆಟದುದ್ದಕ್ಕೂ ಅವನ ಕೈಗೆಟಕುವಂತಿರುತ್ತವೆ. ಸಿಗರೇಟು ಸೇದಿದರೆ ಸ್ವಲ್ಪ ಹೊತ್ತು ಅವನ ಬುದ್ಧಿ ಚುರುಕಾಗುತ್ತದೆ, ಆದರೆ ಆರೋಗ್ಯದ ಲೆಕ್ಕದಲ್ಲಿ ಒಂದು ಅಂಕ ಇಳಿಯುತ್ತದೆ. ಕುಡಿದರೆ ದೇಹಬಲ ಏರಿ, ಮನೋಸ್ಥೈರ್ಯ ಇಳಿಯುತ್ತದೆ. ಇದೇ ಕಾರಣಕ್ಕೆ 2021ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾ ಈ ಆಟದ ಪರಿಷ್ಕೃತ ಆವೃತ್ತಿಗೆ ವರ್ಗೀಕರಣವನ್ನೇ ನಿರಾಕರಿಸಿತ್ತು, ಎಂದರೆ ಅಲ್ಲಿ ಅದನ್ನು ಮಾರುವಂತೆಯೇ ಇರಲಿಲ್ಲ. ಮೇಲ್ಮನವಿಯ ನಂತರ, ಮಾದಕ ಪದಾರ್ಥಗಳ ಬಳಕೆ ಕೊನೆಗೆ ಆಟಗಾರನಿಗೆ ನಷ್ಟವನ್ನೇ ತರುತ್ತದೆ ಎಂಬುದನ್ನು ಗಮನಿಸಿ, ಅದೇ ವರ್ಷ ವಯಸ್ಕರಿಗೆಂದು ಅನುಮತಿ ಕೊಟ್ಟರು. ಇದಲ್ಲದೆ ಆತ್ಮಹತ್ಯೆಯ ಯೋಚನೆ, ಜನಾಂಗದ್ವೇಷ, ಕೊಳೆತ ಶವದ ಪರೀಕ್ಷೆ, ಮುರಿದ ಪ್ರೀತಿಯ ಹಳೆಯ ಗಾಯ, ಇವೆಲ್ಲ ನೇರವಾಗಿ ಬರುತ್ತವೆ. ಮನೆಯಲ್ಲಿ ಕುಡಿತದ ಕಷ್ಟ ಕಂಡವರಿಗೆ ಕೆಲವು ಭಾಗಗಳು ಎದೆಗೆ ಭಾರವೆನಿಸಬಹುದು ಎಂಬುದನ್ನು ನಾನು ಮುಚ್ಚಿಡಲಾರೆ.

ಇನ್ನು ಆಟಕ್ಕೆ ಬರುತ್ತೇನೆ. ‘ಡಿಸ್ಕೊ ಎಲಿಸಿಯಮ್’ 2019ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಯಿತು. ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ ಬೇರುಳ್ಳ ‘ಝಾಉಮ್’ ಎಂಬ ಸಂಸ್ಥೆ ಮಾಡಿದ ಮೊದಲ ಆಟ ಇದು. ಬರವಣಿಗೆ ಮತ್ತು ವಿನ್ಯಾಸದ ಮುಂದಾಳು ರಾಬರ್ಟ್ ಕುರ್ವಿಟ್ಜ್. ತೈಲವರ್ಣದ ಚಿತ್ರಗಳಂತೆ ಕಾಣುವ ಅದರ ಚಿತ್ರಕಲೆಯ ಹೊಣೆ ಅಲೆಕ್ಸಾಂಡರ್ ರೊಸ್ತೊವ್ ಅವರದು. ಆ ವರ್ಷದ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಕಥನದ ಬಹುಮಾನವೂ ಸೇರಿ ನಾಲ್ಕು ಬಹುಮಾನಗಳು ಬಂದವು, ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗಳಲ್ಲಿ ಮೂರು. 2021ರ ಮಾರ್ಚ್‌ನಲ್ಲಿ ಎಲ್ಲ ಪಾತ್ರಗಳಿಗೂ ಪೂರ್ತಿ ದನಿ ಸೇರಿಸಿದ ‘ಫೈನಲ್ ಕಟ್’ ಆವೃತ್ತಿ ಬಂತು. ಈಗ ಕೊಂಡರೆ ನಿಮಗೆ ಸಿಗುವುದು ಅದೇ. ಅಂಗಡಿಗಳಲ್ಲಿ ಇದನ್ನು, ಪಾತ್ರವೊಂದನ್ನು ನಾವೇ ರೂಪಿಸಿಕೊಂಡು ಆಡುವ ರೋಲ್‌ಪ್ಲೇ ಆಟಗಳ ಸಾಲಿನಲ್ಲಿ ಇಟ್ಟಿರುತ್ತಾರೆ. ನೀವು ಅದಕ್ಕೆ ಹೆದರಬೇಕಾಗಿಲ್ಲ. ಕತ್ತಿ ಹಿಡಿದು ಕಾದುವುದಾಗಲಿ, ಬೆರಳುಗಳ ವೇಗ ತೋರಿಸಬೇಕಾದ ಗುಂಡಿನ ಚಕಮಕಿಯಾಗಲಿ ಇದರಲ್ಲಿಲ್ಲ. ನೀವು ಕಾಲೇಜಿನಲ್ಲಿ ಆಡಿದ ಆಟಗಳಂತೆಯೇ ಮೌಸ್ ಒತ್ತಿ ನಡೆಯುವುದು, ವಸ್ತುಗಳನ್ನು ನೋಡುವುದು, ಜನರನ್ನು ಮಾತಾಡಿಸುವುದು, ಅಷ್ಟರಿಂದಲೇ ಇಡೀ ಆಟ ಸಾಗುತ್ತದೆ.

ರೆವಶೋಲ್ ಎಂಬ ಕಲ್ಪಿತ ನಗರದ ಮಾರ್ಟಿನೇಸ್ ಎಂಬ ಬಂದರು ಬಡಾವಣೆ. ಐವತ್ತು ವರ್ಷದ ಹಿಂದೆ ಅಲ್ಲೊಂದು ಕ್ರಾಂತಿಯಾಗಿ, ಹೊರಗಿನ ಸೇನೆಗಳು ಬಂದು ಅದನ್ನು ಹೊಸಕಿಹಾಕಿವೆ. ಗೋಡೆಗಳ ಮೇಲೆ ಗುಂಡಿನ ಗುರುತುಗಳು ಹಾಗೆಯೇ ಉಳಿದಿವೆ. ಊಟ ವಸತಿಯ ಕಟ್ಟಡವೊಂದರ ಹಿತ್ತಲಿನ ಮರದಲ್ಲಿ ಏಳು ದಿನಗಳಿಂದ ಒಂದು ಹೆಣ ನೇತಾಡುತ್ತಿದೆ. ಅದರ ತನಿಖೆಗೆಂದು ಬಂದ ಪೊಲೀಸನೇ ಮೂರು ದಿನ ಕುಡಿದು, ಕೋಣೆಯನ್ನು ಧ್ವಂಸ ಮಾಡಿ, ತನ್ನ ಹೆಸರು ಸಮೇತ ಎಲ್ಲವನ್ನೂ ಮರೆತು ಎಚ್ಚರಗೊಳ್ಳುತ್ತಾನೆ. ಅವನೇ ನೀವು. ಕತೆಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಆಟದ ನಿಜವಾದ ಶಕ್ತಿ ಇರುವುದು ಈ ಮನುಷ್ಯನ ತಲೆಯೊಳಗೆ. ಸಾಮಾನ್ಯವಾಗಿ ಇಂಥ ಆಟಗಳಲ್ಲಿ ಬುದ್ಧಿ, ಬಲ, ಚುರುಕುತನ ಎಂಬುವು ಬರೀ ಅಂಕಿಗಳು. ಇಲ್ಲಿ ಬುದ್ಧಿ, ಮನಸ್ಸು, ದೇಹ, ಕೈಚಳಕ ಎಂಬ ನಾಲ್ಕು ಗುಂಪುಗಳಲ್ಲಿ ಆರಾರರಂತೆ ಇಪ್ಪತ್ತನಾಲ್ಕು ಕೌಶಲಗಳಿವೆ, ಮತ್ತು ಪ್ರತಿಯೊಂದಕ್ಕೂ ಸ್ವಂತ ಬಾಯಿ ಇದೆ. ಎದುರಿನವರು ಮಾತಾಡುತ್ತಿರುವಾಗಲೇ ‘ಡ್ರಾಮಾ’ ಎಂಬುದು ಇವನು ಸುಳ್ಳು ಹೇಳುತ್ತಿದ್ದಾನೆ ಪ್ರಭುಗಳೇ ಎಂದು ಪಿಸುಗುಟ್ಟುತ್ತದೆ; ‘ಎಂಪಥಿ’ಗೆ ಆ ಸುಳ್ಳಿನ ಹಿಂದಿನ ದುಃಖ ಕಾಣುತ್ತದೆ; ‘ಎನ್‌ಸೈಕ್ಲೊಪೀಡಿಯಾ’ ಯಾರೂ ಕೇಳದ ಮಾಹಿತಿಯನ್ನು ಸುರಿಯುತ್ತದೆ; ‘ಎಲೆಕ್ಟ್ರೊಕೆಮಿಸ್ಟ್ರಿ’ಗೆ ಯಾವಾಗಲೂ ಒಂದು ಸಿಗರೇಟು ಬೇಕು. ಸಂಬಂಧ ನೋಡಲು ಹೊರಟ ಜೀಪಿನೊಳಗೆ ಕೂತ ಮನೆಮಂದಿಯ ಹಾಗೆ ಒಬ್ಬರ ಮಾತು ಇನ್ನೊಬ್ಬರಿಗೆ ಆಗದು, ಆದರೆ ಸುಮ್ಮನಿರುವವರು ಯಾರೂ ಇಲ್ಲ. ಯಾವ ಕೌಶಲಕ್ಕೆ ಹೆಚ್ಚು ಅಂಕ ಕೊಡುತ್ತೀರೋ ಅದರ ದನಿ ಜೋರಾಗುತ್ತದೆ. ಅದು ಹೇಳಿದ್ದೆಲ್ಲ ಸರಿಯೆಂದು ನಂಬಿದರೆ ಕೆಡುತ್ತೀರಿ. ಅಧಿಕಾರ ಚಲಾಯಿಸು ಎನ್ನುವ ‘ಅಥಾರಿಟಿ’ಯ ಮಾತು ಕೇಳಿ ಕಂಡಕಂಡವರ ಮೇಲೆ ರೇಗಿ ನಗೆಪಾಟಲಾಗುವ ಪ್ರಸಂಗಗಳು ಎಷ್ಟೋ ಇವೆ. ಒಬ್ಬ ಮನುಷ್ಯನ ಒಳಜಗಳವನ್ನು ಆಟದ ನಿಯಮವನ್ನಾಗಿಯೇ ಮಾಡಿದ ಇನ್ನೊಂದು ಆಟ ಇಷ್ಟು ಯಶಸ್ವಿಯಾದದ್ದನ್ನು ನಾನು ಕಂಡಿಲ್ಲ.

ಚಿಕ್ಕಮಗಳೂರಿನಲ್ಲಿ ಗೇಮ್ ವಿನ್ಯಾಸ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಆಡಿಸುವುದು ಈ ಆಟದ ಮೊದಲ ಕೋಣೆಯನ್ನು. ಒಳಉಡುಪಿನಲ್ಲಿ ನೆಲದ ಮೇಲೆ ಬಿದ್ದಿರುವ ನಾಯಕ ಎದ್ದು ನಿಲ್ಲುತ್ತಾನೆ. ಮೇಲೆ ತಿರುಗುತ್ತಿರುವ ಸೀಲಿಂಗ್ ಫ್ಯಾನಿಗೆ ಅವನದೇ ಟೈ ಸಿಕ್ಕಿಕೊಂಡಿದೆ. ಪಕ್ಕದಲ್ಲಿ ದೀಪದ ಸ್ವಿಚ್ ಇದೆ. ದೇಹಬಲಕ್ಕೆ ಅಂಕವನ್ನೇ ಕೊಡದೆ ಪಾತ್ರ ರೂಪಿಸಿದವರು ಆ ದೀಪ ಹಾಕಿದರೆ, ಕಣ್ಣಿಗೆ ಬಿದ್ದ ಬೆಳಕಿನ ಹೊಡೆತಕ್ಕೇ ಹೃದಯ ನಿಂತು ಆಟ ಅಲ್ಲೇ ಮುಗಿಯಬಹುದು. ಟೈ ಹಿಡಿಯಲು ಹಾರಿದರೂ ಅದೇ ಗತಿ ಆಗಬಹುದು. ಹುಡುಗರು ಮೊದಲು ನಗುತ್ತಾರೆ, ಆಮೇಲೆ ಇದು ಮೋಸವಲ್ಲವೇ ಸರ್ ಎನ್ನುತ್ತಾರೆ. ಮೋಸವಲ್ಲ. ಈ ದೇಹ ಎಂಥ ಸ್ಥಿತಿಯಲ್ಲಿದೆ ಎಂಬುದನ್ನು ಒಂದು ವಾಕ್ಯದ ವಿವರಣೆಯೂ ಇಲ್ಲದೆ, ಸ್ವಿಚ್ ಒತ್ತುವ ಒಂದು ಕ್ರಿಯೆಯಿಂದ ಆಟ ತಿಳಿಸಿಬಿಟ್ಟಿದೆ. ಬಹುತೇಕ ಆಟಗಳು ಆಟಗಾರನನ್ನು ಬಲಶಾಲಿಯೆಂದು ನಂಬಿಸಿ ಶುರುವಾದರೆ, ಇದು ನಿಮಗೆ ದೀಪ ಹಾಕುವಷ್ಟು ಶಕ್ತಿಯೂ ಇದೆಯೋ ಇಲ್ಲವೋ ಎಂಬ ಅನುಮಾನದಿಂದ ಶುರುವಾಗುತ್ತದೆ.

ಸೋಲನ್ನು ನಡೆಸಿಕೊಳ್ಳುವ ರೀತಿ ಇನ್ನೊಂದು ದೊಡ್ಡ ಗುಣ. ಮುಖ್ಯ ಕೆಲಸಗಳೆಲ್ಲ ಎರಡು ದಾಳಗಳ ಮೇಲೆ ನಿಂತಿವೆ. ದಾಳಗಳ ಮೊತ್ತಕ್ಕೆ ನಿಮ್ಮ ಕೌಶಲದ ಅಂಕ ಸೇರಿಸಿ, ಕೆಲಸದ ಕಷ್ಟಕ್ಕೆ ನಿಗದಿಯಾದ ಅಂಕವನ್ನು ಮುಟ್ಟಬೇಕು. ಉದಾಹರಣೆಗೆ ಕಷ್ಟ 10, ನಿಮ್ಮ ಕೌಶಲ 4 ಆಗಿದ್ದರೆ ದಾಳದಲ್ಲಿ 6 ಅಥವಾ ಹೆಚ್ಚು ಬೀಳಬೇಕು. ಗೆಲ್ಲುವ ಸಾಧ್ಯತೆ ನೂರಕ್ಕೆ 72. ಎರಡೂ ದಾಳದಲ್ಲಿ ಆರು ಬಿದ್ದರೆ ಎಂಥ ಕೆಲಸವೂ ಆಗುತ್ತದೆ, ಎರಡರಲ್ಲೂ ಒಂದು ಬಿದ್ದರೆ ಎಂಥ ನಿಪುಣನೂ ಸೋಲುತ್ತಾನೆ. ಬಿಳಿ ಗುರುತಿನ ಪರೀಕ್ಷೆಗಳನ್ನು ಆ ಕೌಶಲಕ್ಕೆ ಅಂಕ ಸೇರಿಸಿಕೊಂಡು ಬಂದು ಮತ್ತೆ ಎದುರಿಸಬಹುದು. ಕೆಂಪು ಗುರುತಿನವಕ್ಕೆ ಒಂದೇ ಅವಕಾಶ. ಇಷ್ಟು ಕೇಳಿದರೆ ಲಾಟರಿಯಂತೆ ತೋರಬಹುದು. ಆದರೆ ಬರಹಗಾರರು ಗೆಲುವಿಗೆ ಎಷ್ಟು ಶ್ರಮ ಹಾಕಿದ್ದಾರೋ ಸೋಲಿಗೂ ಅಷ್ಟೇ ಹಾಕಿದ್ದಾರೆ. ಸೋತ ಮೇಲೆ ಬಾಗಿಲು ಮುಚ್ಚುವುದಿಲ್ಲ; ಅವಮಾನವಾಗುತ್ತದೆ, ಆ ಅವಮಾನದಿಂದಲೇ ಇನ್ನೊಂದು ಮಾತು ಹುಟ್ಟುತ್ತದೆ, ಎದುರಿದ್ದವರು ಮರುಗಿ ಏನನ್ನೋ ಬಾಯಿಬಿಡುತ್ತಾರೆ. ಹಣವಿಲ್ಲದ ಈ ಪೊಲೀಸ್ ಅಧಿಕಾರಿ ವಸತಿಗೃಹದ ಬಾಕಿ ತೀರಿಸಲು ಪ್ಲಾಸ್ಟಿಕ್ ಚೀಲ ಹಿಡಿದು ಬೀದಿಯ ಖಾಲಿ ಬಾಟಲಿಗಳನ್ನು ಆಯ್ದು, ಅಂಗಡಿಗೆ ಕೊಟ್ಟು ಚಿಲ್ಲರೆ ಮಾಡಿಕೊಳ್ಳುವುದನ್ನು ನೀವೇ ನಿಮ್ಮ ಕೈಯಾರೆ ಮಾಡಿದಾಗ, ಬಡತನವನ್ನು ವರ್ಣಿಸುವ ಸಾಲುಗಳು ಬೇಕಾಗುವುದಿಲ್ಲ.

ಜೊತೆಗೆ ತನಿಖೆಗೆ ಬರುವ ಲೆಫ್ಟಿನೆಂಟ್ ಕಿಮ್ ಕಿಟ್ಸುರಾಗಿ ಎಂಬ ಪಾತ್ರಕ್ಕಾಗಿಯೇ ಈ ಆಟ ಆಡಿದವರಿದ್ದಾರೆ. ಶಿಸ್ತಿನ, ಮಿತಭಾಷಿ ಮನುಷ್ಯ. ದಿನಕ್ಕೆ ಒಂದೇ ಸಿಗರೇಟು. ನೋಟ್‌ಬುಕ್ ಸದಾ ಕೈಯಲ್ಲಿ. ನೀವು ಅವಿವೇಕ ಮಾಡಿದಾಗ ಅವನು ಬೈಯುವುದಿಲ್ಲ, ಒಂದು ಕ್ಷಣ ಸುಮ್ಮನಾಗುತ್ತಾನೆ. ಆಟಗಾರರು ಅಂಕಗಳಿಗೆ ಹೆದರುವುದಕ್ಕಿಂತ ಹೆಚ್ಚಾಗಿ ಆ ಮೌನಕ್ಕೆ ಹೆದರಿ ನಡತೆ ತಿದ್ದಿಕೊಳ್ಳುತ್ತಾರೆ. ಸಹಪಾತ್ರವೊಂದರ ಗೌರವ ಉಳಿಸಿಕೊಳ್ಳಬೇಕೆಂಬ ಹಂಬಲವನ್ನು ಹುಟ್ಟಿಸುವುದು ಆಟದ ಬರವಣಿಗೆಯಲ್ಲಿ ಬಹಳ ಕಷ್ಟದ ಕೆಲಸ.

ಬಂದರಿನಲ್ಲಿ ಕೂಲಿಕಾರರ ಮುಷ್ಕರ ನಡೆಯುತ್ತಿದೆ. ತೋಟದ ಕಾರ್ಮಿಕರ ಕೂಲಿ, ಬೋನಸ್ಸಿನ ಜಗ್ಗಾಟಗಳನ್ನು ಹತ್ತಿರದಿಂದ ಬಲ್ಲ ಹಾಸನ, ಚಿಕ್ಕಮಗಳೂರಿನವರಿಗೆ ಈ ಭಾಗ ಬೇಗ ಒಗ್ಗುತ್ತದೆ. ಸಂಘದ ನಾಯಕ ಎವ್ರಾರ್ಟ್ ಕ್ಲೇರ್ ನಗುನಗುತ್ತಾ ನಿಮ್ಮನ್ನು ಬರಮಾಡಿಕೊಂಡು, ತನ್ನ ಮೇಜಿನೆದುರು ಬೇಕೆಂದೇ ಇಟ್ಟ ಅನಾನುಕೂಲದ ಕುರ್ಚಿಯೊಂದನ್ನು ತೋರಿಸುತ್ತಾನೆ. ಅದರಲ್ಲಿ ಕೂತರೆ ನಿಜವಾಗಿಯೂ ನಿಮ್ಮ ಆರೋಗ್ಯದ ಅಂಕ ಇಳಿಯಬಹುದು. ಅವನು ಭ್ರಷ್ಟ, ಆದರೆ ಅವನ ಹಿಂದಿರುವ ಕೂಲಿಕಾರರ ಹಸಿವು ಸುಳ್ಳಲ್ಲ. ಕಂಪನಿಯ ಪರವಾಗಿ ಬಂದ ಜಾಯ್ಸ್ ಎಂಬಾಕೆ ಸೌಜನ್ಯದ ಮೂರ್ತಿ, ತಿಳಿವಳಿಕೆಯುಳ್ಳವಳು; ಆದರೆ ಆಕೆ ಯಾರ ಲಾಭಕ್ಕಾಗಿ ಅಷ್ಟು ಸೌಜನ್ಯದಿಂದಿದ್ದಾಳೆ ಎಂಬುದು ನಿಧಾನಕ್ಕೆ ತಿಳಿಯುತ್ತದೆ. ಬಂದರಿನ ಗೇಟನ್ನು ಕಾಯುವ ದೈತ್ಯನೊಬ್ಬ ಜನಾಂಗಗಳ ಮೇಲುಕೀಳಿನ ಸಿದ್ಧಾಂತವನ್ನು ಗಂಟೆಗಟ್ಟಲೆ ಉಪನ್ಯಾಸ ಮಾಡುತ್ತಾನೆ. ಅವನನ್ನು ಹೊಡೆದುರುಳಿಸಿ ದಾಟಬಹುದು. ಅಥವಾ ಅವನ ಸಿದ್ಧಾಂತವನ್ನು ನಿಮ್ಮ ತಲೆಗೇ ತುಂಬಿಕೊಂಡು, ಅವನ ಮೆಚ್ಚುಗೆ ಪಡೆದು ದಾಟಬಹುದು. ಎರಡನೆಯದು ಸುಲಭವೆಂದು ಆರಿಸಿಕೊಂಡವರು, ಬೇರೆ ಜನಾಂಗದ ಚಹರೆಯುಳ್ಳ ಕಿಮ್ ಪಕ್ಕದಲ್ಲೇ ನಿಂತಿದ್ದಾನೆಂಬುದನ್ನು ಆಮೇಲೆ ಗಮನಿಸುತ್ತಾರೆ. ನನ್ನ ಲೆಕ್ಕದಲ್ಲಿ ಈ ಆಟಕ್ಕೆ 18ರ ಗುರುತು ತಕ್ಕದ್ದಾಗುವುದು ಇಂಥ ಕಡೆಗಳಲ್ಲಿ, ಸಿಗರೇಟಿನಿಂದಲ್ಲ.

ದೋಷಗಳನ್ನು ಈಗ ಹೇಳುತ್ತೇನೆ. ನಿಮ್ಮ ಮಟ್ಟಿಗೆ ಮೊದಲನೆಯ ಅಡ್ಡಿ ಇಂಗ್ಲಿಷ್, ಮತ್ತು ಅದು ಸಣ್ಣದಲ್ಲ. ಆಟದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪದಗಳಿವೆಯೆನ್ನುತ್ತಾರೆ. ಒಮ್ಮೆ ಆಡಿದರೆ ಅದರ ಒಂದು ಭಾಗವಷ್ಟೇ ಎದುರಾದರೂ ಅದೇ ಹಲವು ಕಾದಂಬರಿಗಳಷ್ಟಾಗುತ್ತದೆ. ಆ ಇಂಗ್ಲಿಷ್ ಪತ್ರಿಕೆಯ ಇಂಗ್ಲಿಷ್ ಅಲ್ಲ. ತತ್ತ್ವಶಾಸ್ತ್ರದ ಪರಿಭಾಷೆ, ಬೀದಿಯ ಬೈಗುಳ, ಫ್ರೆಂಚ್ ಛಾಯೆಯ ಹೆಸರುಗಳು, ಆ ಲೋಕಕ್ಕೆಂದೇ ಟಂಕಿಸಿದ ಪದಗಳು ಒಂದೇ ಪುಟದಲ್ಲಿ ಬರುತ್ತವೆ. ಹಲವು ಭಾಷೆಗಳಲ್ಲಿ ಪಠ್ಯ ಲಭ್ಯವಿದೆ, ಆದರೆ ಕನ್ನಡವಿರಲಿ, ಭಾರತದ ಯಾವ ಭಾಷೆಯೂ ಆ ಪಟ್ಟಿಯಲ್ಲಿಲ್ಲ. ಇಂಗ್ಲಿಷನ್ನು ಸರಾಗವಾಗಿ ಓದುವವರು ಇಪ್ಪತ್ತೈದು ಮೂವತ್ತು ಗಂಟೆಗಳಲ್ಲಿ ಮುಗಿಸುವ ಆಟ ನಿಧಾನ ಓದುವವರಿಗೆ ಇನ್ನೂ ಎಷ್ಟೋ ಹೆಚ್ಚು ಸಮಯ ಕೇಳುತ್ತದೆ. ನಿಮ್ಮ ಪರವಾಗಿರುವ ಒಂದು ಸಂಗತಿಯೆಂದರೆ ಆಟದೊಳಗಿನ ಗಡಿಯಾರದ ರೀತಿ: ಅದು ಸಂಭಾಷಣೆಯ ಸಾಲುಗಳು ಮುಂದೆ ಸಾಗಿದಂತೆ ಮಾತ್ರ ಚಲಿಸುತ್ತದೆ. ಒಂದೇ ಸಾಲಿನ ಮೇಲೆ ಹತ್ತು ನಿಮಿಷ ಕೂತು ಶಬ್ದಕೋಶ ತಿರುವಿ ಹಾಕಿದರೂ ತನಿಖೆಯ ಸಮಯ ವ್ಯರ್ಥವಾಗುವುದಿಲ್ಲ. ದನಿ ಸೇರಿಸಿದ ಆವೃತ್ತಿಯಿಂದ ಉಪಕಾರವೂ ಆಗಿದೆ, ಅಪಕಾರವೂ ಆಗಿದೆ. ಕೌಶಲಗಳ ಮಾತುಗಳನ್ನು ಬಹುತೇಕ ಒಬ್ಬರೇ, ಲೆನ್ವಾಲ್ ಬ್ರೌನ್ ಎಂಬ ಕಲಾವಿದರು, ಗಂಭೀರವಾದ ಸುಂದರ ಕಂಠದಲ್ಲಿ ಓದಿದ್ದಾರೆ. ಕೇಳುತ್ತಾ ಓದಿದರೆ ಕಷ್ಟದ ವಾಕ್ಯಗಳ ಧಾಟಿ ತಿಳಿಯುತ್ತದೆ. ಆದರೆ ನಮ್ಮ ಕಿವಿಗೆ ಹೊಸತಾದ ಉಚ್ಚಾರಗಳ ಪಾತ್ರಗಳು ಒಂದರ ಹಿಂದೊಂದು ಬರುವಾಗ ಕಣ್ಣು ಒಂದು ಕಡೆ, ಕಿವಿ ಒಂದು ಕಡೆ ಆಗುತ್ತದೆ. ಸೆಟ್ಟಿಂಗ್‌ನಲ್ಲಿ ದನಿಯನ್ನು ಕಡಿಮೆ ಮಾಡಿಕೊಳ್ಳುವ ಅವಕಾಶವಿದೆ, ಬಳಸಿಕೊಳ್ಳಿ.

ಎರಡನೆಯ ದೋಷ ದಾಳದ ವ್ಯವಸ್ಥೆಯಿಂದಲೇ ಬಂದದ್ದು. ಸೋಲೂ ರಸವತ್ತಾಗಿದೆ ಎಂದು ಈಗಷ್ಟೇ ಹೊಗಳಿದೆ. ಆದರೆ ಆಟ ಸೇವ್ ಮಾಡುವ ಸ್ವಾತಂತ್ರ್ಯವನ್ನು ಧಾರಾಳವಾಗಿ ಕೊಟ್ಟಿರುವುದರಿಂದ, ಪರೀಕ್ಷೆಗೆ ಮುನ್ನ ಸೇವ್ ಮಾಡಿ, ಸೋತರೆ ಹಿಂದಕ್ಕೆ ಹೋಗಿ ಮತ್ತೆ ದಾಳ ಹಾಕುವ ಆಸೆಯನ್ನು ತಡೆಯುವವರು ಕಡಿಮೆ. ಹಾಗೆ ಮಾಡಿದವರಿಗೆ ಆಟದ ಅರ್ಧ ಬರವಣಿಗೆ ಕಾಣದೇ ಹೋಗುತ್ತದೆ. ವಿನ್ಯಾಸಕಾರರು ಇದಕ್ಕೆ ಏನಾದರೊಂದು ತಡೆ ಇಡಬಹುದಿತ್ತು, ಇಟ್ಟಿಲ್ಲ. ಇನ್ನೊಂದು ಕಿರಿಕಿರಿ ಬಟ್ಟೆಗಳದು. ಬಹಳಷ್ಟು ಅಂಗಿ, ಟೋಪಿ, ಬೂಟುಗಳು ಯಾವುದೋ ಒಂದು ಕೌಶಲವನ್ನು ಏರಿಸುತ್ತವೆ, ಕೆಲವು ಇನ್ನೊಂದನ್ನು ಇಳಿಸುತ್ತವೆ. ಹೀಗಾಗಿ ಒಬ್ಬ ಮುದುಕಿಯೊಡನೆ ಎರಡು ಮಾತಾಡುವ ಮುನ್ನ ಬೀದಿಯಲ್ಲೇ ನಿಂತು ಪ್ಯಾಂಟು ಬದಲಿಸುವ ಸ್ಥಿತಿ ಬರುತ್ತದೆ. ಮೊದಲು ತಮಾಷೆಯೆನಿಸುತ್ತದೆ, ಆಮೇಲೆ ಬೇಸರ.

ಮನಸ್ಸಿನ ಕಪಾಟು ಎನ್ನಬಹುದಾದ ‘ಥಾಟ್ ಕ್ಯಾಬಿನೆಟ್’ನದೂ ಇದೇ ಕತೆ. ದಾರಿಯಲ್ಲಿ ಹೊಳೆದ ಒಂದು ಯೋಚನೆಯನ್ನು ಅಲ್ಲಿಟ್ಟು ಕೆಲವು ಗಂಟೆ ಮೆಲುಕು ಹಾಕಿದರೆ ಅದು ಸ್ವಭಾವದ ಭಾಗವಾಗುತ್ತದೆ. ಕಲ್ಪನೆ ಬಹಳ ಸುಂದರ. ಆದರೆ ಮೆಲುಕು ಮುಗಿಯುವ ತನಕ ಅದರಿಂದ ಲಾಭವೋ ನಷ್ಟವೋ ಎಂಬುದನ್ನು ಆಟ ಹೇಳುವುದಿಲ್ಲ, ಬೇಡವೆನಿಸಿ ತೆಗೆದುಹಾಕಲು ಹೋದರೆ ಕಷ್ಟಪಟ್ಟು ಗಳಿಸಿದ ಒಂದು ಕೌಶಲದ ಅಂಕವನ್ನು ತೆರಬೇಕು. ಮನುಷ್ಯರ ವಿಷಯದಲ್ಲಿ ಇದು ಸತ್ಯವೇ ಇರಬಹುದು. ಹೊಸಬರ ವಿಷಯದಲ್ಲಿ ಅನ್ಯಾಯ.

ಪತ್ತೇದಾರಿ ಕತೆಯಾಗಿ ನೋಡಿದರೆ ಆಟ ಇನ್ನೂ ಒಂದು ಕಡೆ ಸಡಿಲವಾಗಿದೆ. ಸುಳಿವುಗಳನ್ನು ಕೂಡಿಸಿ, ಕೊಲೆಗಾರನನ್ನು ತಾನೇ ಮೊದಲು ಊಹಿಸಿ ಗೆಲ್ಲುವ ಸುಖವನ್ನು ಬಯಸಿ ಕೂತರೆ ನಿಮಗೆ ನಿರಾಶೆಯಾದೀತು. ಉತ್ತರ ಸಿಗುತ್ತದೆ, ಅದು ಆ ಲೋಕದ ಇತಿಹಾಸಕ್ಕೆ ಒಪ್ಪುವಂತೆಯೂ ಇದೆ. ಆದರೆ ಅದನ್ನು ಓದುಗನ ಬುದ್ಧಿಯಿಂದ ಮುಟ್ಟುವ ಹಾಗೆ ಕಟ್ಟಿಲ್ಲ, ತಡವಾಗಿ ತಾನಾಗಿ ಎದುರಿಗೆ ಬರುವ ಹಾಗೆ ಕಟ್ಟಿದ್ದಾರೆ. ಇದು ಬೇಕೆಂದೇ ಮಾಡಿದ್ದೆಂದು ವಾದಿಸುವವರಿದ್ದಾರೆ. ಆ ವಾದವನ್ನು ಒಪ್ಪಿದರೂ, ಮೊದಲ ಎರಡು ದಿನಗಳ ತನಿಖೆಗೆ ಇರುವ ಬಿಗಿ ಕೊನೆಯ ಭಾಗಕ್ಕಿಲ್ಲ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಮೂರನೆಯ ದಿನ ಕಾಲುವೆಯ ದಾರಿ ದುರಸ್ತಿಯಾಗಿ ಆಚೆ ದಡದ ಮೀನುಗಾರರ ಕೇರಿ ತೆರೆದುಕೊಂಡ ಮೇಲೆ ನಡಿಗೆ ಬಹಳ ಹೆಚ್ಚುತ್ತದೆ. ಎರಡು ಬಾರಿ ಒತ್ತಿದರೆ ನಾಯಕ ಓಡುತ್ತಾನಾದರೂ ಅದೇ ದಂಡೆಯ ಮೇಲೆ ಹೋಗಿ ಬಂದು ಹೋಗಿ ಬಂದು ಸಾಕಾಗುತ್ತದೆ. ರಾಜಕೀಯದ ಗೇಲಿಯೂ ಎಲ್ಲ ಕಡೆ ಒಂದೇ ಹದದಲ್ಲಿಲ್ಲ. ಎಡಪಂಥದ ಬಗ್ಗೆ ಬರೆದ ಸಾಲುಗಳಲ್ಲಿ ಒಳಗಿನವರಿಗೆ ಮಾತ್ರ ಸಾಧ್ಯವಾಗುವ ಪ್ರೀತಿ ಮತ್ತು ಕೋಪ ಎರಡೂ ಇದ್ದರೆ, ಮಾರುಕಟ್ಟೆವಾದಿಗಳ ಗೇಲಿ ವ್ಯಂಗ್ಯಚಿತ್ರದ ಮಟ್ಟದಲ್ಲೇ ನಿಂತುಬಿಡುತ್ತದೆ.

ಇದರ ಮುಂದಿನ ಭಾಗ ಬರುತ್ತದೆಯೇ ಎಂದು ನಿಮ್ಮ ಅಳಿಯ ಕಾಯುತ್ತಿದ್ದರೆ, ಕಾಯಬೇಡ ಎನ್ನಿ. ಕುರ್ವಿಟ್ಜ್, ರೊಸ್ತೊವ್ ಮೊದಲಾದ ಮುಖ್ಯರು ಸಂಸ್ಥೆಯಿಂದ ಹೊರಬಿದ್ದ ಸುದ್ದಿ 2022ರಲ್ಲಿ ಬಯಲಾಯಿತು, ವ್ಯಾಜ್ಯ ಕೋರ್ಟಿಗೂ ಹೋಯಿತು. ಇರುವ ಒಂದು ಆಟ ತನ್ನಷ್ಟಕ್ಕೆ ಪೂರ್ಣವಾಗಿದೆ.

ಕಂಪ್ಯೂಟರ್ ಬಗ್ಗೆ ಚಿಂತೆ ಬೇಡ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಈಚಿನ ಕೆಲವು ವರ್ಷಗಳ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಇದು ನಡೆಯುತ್ತದೆ. ಕನಿಷ್ಠ 4 ಜಿಬಿ ರ‍್ಯಾಮ್ ಕೇಳುತ್ತಾರೆ, 8 ಇದ್ದರೆ ನೆಮ್ಮದಿ, ಹಾರ್ಡ್ ಡಿಸ್ಕ್‌ನಲ್ಲಿ ಸುಮಾರು 20 ಜಿಬಿ ಜಾಗ ಬೇಕು. ಆ 20 ಜಿಬಿಯನ್ನು ತೋಟದ ಮನೆಯ ಮೊಬೈಲ್ ಸಿಗ್ನಲ್‌ನಲ್ಲಿ ಇಳಿಸಿಕೊಳ್ಳುವ ಸಾಹಸಕ್ಕೆ ಇಳಿಯದೆ, ಹಾಸನದಲ್ಲಿ ಫೈಬರ್ ಸಂಪರ್ಕವಿರುವ ಕಡೆ ಒಂದು ಸಂಜೆ ಇಳಿಸಿಕೊಂಡು ಬನ್ನಿ. ಆಮೇಲೆ ಇಂಟರ್ನೆಟ್ ಇಲ್ಲದೆಯೂ ಆಡಬಹುದು. ಆಟಗಳನ್ನು ಮಾರುವ ‘ಸ್ಟೀಮ್’ ಎಂಬ ಆನ್‌ಲೈನ್ ಅಂಗಡಿಯಲ್ಲಿ ಹಬ್ಬದ ಮಾರಾಟಗಳ ಕಾಲಕ್ಕೆ ಬೆಲೆ ಗಣನೀಯವಾಗಿ ಇಳಿಯುವುದರಿಂದ ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ಅವಸರವಿಲ್ಲ. ಒಂದು ಎಚ್ಚರಿಕೆ: ಸಂಭಾಷಣೆಯ ನಡುವೆ ಸೇವ್ ಮಾಡಲು ಬರುವುದಿಲ್ಲ, ಮತ್ತು ಕೆಲವು ಸಂಭಾಷಣೆಗಳು ನಿಮ್ಮ ಓದಿನ ವೇಗದಲ್ಲಿ ಒಂದು ಗಂಟೆ ಹಿಡಿಯಬಹುದು. ಆಷಾಢದ ಮಳೆಯಲ್ಲಿ ಸಕಲೇಶಪುರದ ಕರೆಂಟಿನ ಬಗ್ಗೆ ನಾನು ನಿಮಗೆ ಹೇಳಬೇಕಾಗಿಲ್ಲ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ಯಾರನ್ನಾದರೂ ಮಾತಾಡಿಸುವ ಮುನ್ನ ಸೇವ್ ಮಾಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಪಾತ್ರ ರೂಪಿಸುವಾಗ ನಾಲ್ಕೂ ಗುಣಗಳು 1ರಿಂದ ಶುರುವಾಗುತ್ತವೆ, ಅವಕ್ಕೆ ಹಂಚಲು ಇನ್ನೂ ಎಂಟು ಅಂಕಗಳು ಸಿಗುತ್ತವೆ. ಸಿದ್ಧಪಡಿಸಿಟ್ಟ ಮೂರು ಮಾದರಿಗಳಲ್ಲಿ ಬುದ್ಧಿವಂತನ ಮಾದರಿಯನ್ನು ಹೊಸಬರು ಆರಿಸಿಕೊಳ್ಳುವುದು ಹೆಚ್ಚು. ನಿಮಗೆ ನಾನು ಅದನ್ನು ಸೂಚಿಸುವುದಿಲ್ಲ, ಏಕೆಂದರೆ ಬುದ್ಧಿಯ ಕೌಶಲಗಳು ಬಾಯಿಬಡುಕವು. ಓದಬೇಕಾದ ಇಂಗ್ಲಿಷ್ ಇನ್ನಷ್ಟು ಹೆಚ್ಚುತ್ತದೆ, ಅದೂ ಅತ್ಯಂತ ಕಠಿಣ ಬಗೆಯದು. ಮನಸ್ಸಿನ ಗುಂಪಿಗೆ 4 ಅಥವಾ 5 ಬರುವಂತೆ ಮಾಡಿ, ದೇಹಕ್ಕೆ 3, ಉಳಿದದ್ದನ್ನು ಬೇರೆ ಎರಡಕ್ಕೆ ಹಂಚಿ. ಜನರ ಒಳಗನ್ನು ಓದುವ ಕೌಶಲಗಳು ಈ ಗುಂಪಿನಲ್ಲಿವೆ, ಮತ್ತು ಆಟದ ಒಳ್ಳೆಯ ಬರವಣಿಗೆ ಹೆಚ್ಚಾಗಿ ಅಲ್ಲೇ ಇದೆ. ‘ವೊಲಿಶನ್’ ಎಂಬ ಮನೋಬಲದ ಕೌಶಲವನ್ನು ಮಾತ್ರ ಅಲಕ್ಷಿಸಬೇಡಿ; ನಾಯಕ ಕುಸಿಯದಂತೆ ಕಾಪಾಡುವುದು ಅದೇ. ಮೊದಲ ಸಲ ಆಡುವಾಗ ಕೆಂಪು ಗುರುತಿನ ಪರೀಕ್ಷೆಗಳಲ್ಲಿ ಬಿದ್ದದ್ದು ಬಿದ್ದ ಹಾಗೆ ಒಪ್ಪಿಕೊಂಡು ಮುಂದೆ ಹೋಗಿ. ಎರಡು ಸಂಜೆ ಆಡಿದರೂ, ಎಂದರೆ ಹೆಣವನ್ನು ಮರದಿಂದ ಇಳಿಸುವ ಹೊತ್ತಿಗೂ, ಆಸಕ್ತಿ ಹುಟ್ಟದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಆಮೇಲೆ ಆಟದ ಸ್ವಭಾವ ಬದಲಾಗುವುದಿಲ್ಲ.

ಮಗಳ ವಿಷಯ. ಪರದೆಯ ಮೇಲೆ ಅವಳ ಕಣ್ಣಿಗೆ ಬೀಳಬಾರದ ಚಿತ್ರಗಳು ಶವಪರೀಕ್ಷೆಯ ಭಾಗದ ಹೊರತು ಹೆಚ್ಚಿಲ್ಲ. ಕಷ್ಟವಿರುವುದು ಕಿವಿಗೆ. ಹೆಣಕ್ಕೆ ಕಲ್ಲು ಹೊಡೆಯುತ್ತಾ ಹಿತ್ತಲಿನಲ್ಲಿ ನಿಂತಿರುವ ಕೂನೊ ಎಂಬ ಹನ್ನೆರಡು ವರ್ಷದ ಹುಡುಗ ಆಡುವ ಮಾತುಗಳನ್ನು ಹಜಾರದ ಸ್ಪೀಕರ್‌ನಲ್ಲಿ ಮನೆಮಂದಿಯೆಲ್ಲ ಕೇಳುವಂತಿಲ್ಲ, ಮತ್ತು ಅವನು ಆಟ ಶುರುವಾದ ಮೊದಲ ಗಂಟೆಯಲ್ಲೇ ಸಿಗುತ್ತಾನೆ. ಹೆಡ್‌ಫೋನ್ ಹಾಕಿಕೊಂಡು ಆಡಿ. ಹತ್ತನೇ ತರಗತಿಯ ಪರೀಕ್ಷೆ ಮುಗಿದ ಮೇಲೆ ಅವಳೇ ಇದೇನೆಂದು ಕೇಳಿದರೆ, ಆಗಲೂ ನನ್ನ ಸಲಹೆ ಇನ್ನೆರಡು ವರ್ಷ ಕಾಯಿಸಿ ಎಂಬುದೇ. ಹಿಂಸೆ, ಬೈಗುಳಗಳಿಗಾಗಿ ಅಲ್ಲ, ಜನಾಂಗದ್ವೇಷದ ಮಾತುಗಳನ್ನು ವ್ಯಂಗ್ಯವೆಂದು ಗುರುತಿಸಲು ಸ್ವಲ್ಪ ಓದು, ಸ್ವಲ್ಪ ಲೋಕಜ್ಞಾನ ಬೇಕು ಎಂಬ ಕಾರಣಕ್ಕೆ. ಅಲ್ಲಿಯವರೆಗೆ ಸ್ಟೀಮ್ ಖಾತೆಯ ಪಾಸ್‌ವರ್ಡ್ ನಿಮ್ಮ ಬಳಿಯೇ ಇರಲಿ, ಅಳಿಯನ ಬಳಿಯೂ ಬೇಡ.